ಗುರುವಾರದ ಕ್ಯಾನ್ ಬುಧವಾರ ಬಂದರೆ: ರೂಟ್ ಆ್ಯಪ್ ಜೊತೆ ಹನ್ನೊಂದು ತಿಂಗಳು

ಮೊದಲೇ ಅಂಕ ಹೇಳಿಬಿಡುತ್ತೇನೆ. 5ಕ್ಕೆ 3. ಇನ್ನೊಂದು ಅರ್ಧ ಕೊಡಬಹುದಿತ್ತು, ಆದರೆ ಅಡೂರಿನ ಕಥೆ ಇನ್ನೂ ಮರೆತಿಲ್ಲ. ಅದು ಆಮೇಲೆ.

ಗಾಡಿ ಯಾವ ದಿನ ಯಾವ ಮನೆಗೆ, ಯಾವ ದಾರಿಯಲ್ಲಿ ಹೋಗಬೇಕು ಅಂತ ಲೆಕ್ಕ ಹಾಕಿ ಕೊಡುವ ಮೊಬೈಲ್ ಆ್ಯಪ್ ಇದು. ಹೆಸರು ಬರೆಯುವುದಿಲ್ಲ. ಇಂಥವು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ, ಕೆಲಸವೂ ಹೆಚ್ಚು ಕಡಿಮೆ ಒಂದೇ. ಮತ್ತೆ ಇದರಲ್ಲಿ ಬೈಗುಳವೂ ಇದೆ. ಅವರ ಸಪೋರ್ಟ್‌ನಲ್ಲಿ ಫೋನ್ ಎತ್ತುವ ಹುಡುಗಿ ತುಂಬಾ ತಾಳ್ಮೆಯವಳು, ನನ್ನಿಂದ ಅವಳಿಗೆ ತೊಂದರೆ ಆಗುವುದು ಬೇಡ. ಗಾಡಿಯಲ್ಲಿ ದಿನಾ ಅದೇ ಊರು, ಅದೇ ಮನೆ ಅಂತ ಸುತ್ತುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಹಾಲಿನವರು, ದೋಸೆ ಹಿಟ್ಟಿನವರು, ಬೇಕರಿ ಲೈನ್‌ನವರು, ಬಟ್ಟೆ ಒಗೆಯಲು ಒಯ್ಯುವವರು, ಎಲ್ಲರೂ ಓದಬಹುದು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಕುಡಿಯುವ ನೀರಿನ ಕ್ಯಾನ್ ಏಜೆನ್ಸಿ ನಡೆಸುತ್ತೇನೆ. 20 ಲೀಟರಿನ ಕ್ಯಾನ್. ತುಂಬಿದ್ದು ಕೊಡುವುದು, ಖಾಲಿ ತರುವುದು. ಒಂದು ಏಸ್ ಗಾಡಿ, ಒಬ್ಬ ಡ್ರೈವರ್, ಎತ್ತಿ ಇಳಿಸಲು ಒಬ್ಬ ಹುಡುಗ. ಆ್ಯಪ್ ಹಾಕಿಸುವಾಗ ಗಿರಾಕಿಗಳು 110. ಅದರಲ್ಲಿ 6 ಹೋಟೆಲಿಗೆ ದಿನಾ ಹೋಗಬೇಕು. ಕ್ಲಿನಿಕ್, ಲ್ಯಾಬ್, ಆಫೀಸು ಅಂತ 34 ಕಡೆಗೆ ವಾರಕ್ಕೆ ಎರಡು ಸಲ. 60 ಮನೆಗಳಿಗೆ ವಾರಕ್ಕೊಮ್ಮೆ. ಉಳಿದ 10 ಮನೆಗೆ ಹದಿನೈದು ದಿನಕ್ಕೊಮ್ಮೆ. ಲೈನ್ ಅಂದರೆ ಒಂದು ಕಡೆ ನೀರ್ಚಾಲು, ಬೇಳ, ಸೀತಾಂಗೋಳಿ ದಾಟಿ ಕುಂಬಳೆ. ಇನ್ನೊಂದು ಕಡೆ ನೆಲ್ಲಿಕಟ್ಟೆ, ಎಡನೀರು. ಮತ್ತೊಂದು ಕಡೆ ಪೆರ್ಲ, ಅಡ್ಕಸ್ಥಳ. ಇನ್ನೊಂದು ಮುಳ್ಳೇರಿಯ. ಬದಿಯಡ್ಕದಲ್ಲಿ ನಿಂತರೆ ನಾಲ್ಕೂ ದಿಕ್ಕಿಗೆ ರಸ್ತೆ. ವ್ಯಾಪಾರಕ್ಕೆ ಒಳ್ಳೆಯದು, ಡೀಸೆಲ್‌ಗೆ ಕೆಟ್ಟದ್ದು.

ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ವರ್ಷವಿಡೀ ನೀರು ಬರುವ ತೋಟದ ಮನೆಯವರು ನನ್ನ ವ್ಯಾಪಾರ ನೋಡಿ ನಗುತ್ತಾರೆ. ನಗಲಿ. ಪೇಟೆಯ ಫ್ಲ್ಯಾಟ್‌ನವರು ಎಲ್ಲಿ ಸುರಂಗ ಕೊರೆಯುವುದು?

ಆ್ಯಪ್ ಯಾಕೆ ಬೇಕಾಯಿತು ಅಂತ ಹೇಳಬೇಕು. ನಮ್ಮ ಡ್ರೈವರ್ ಅಣ್ಣನಿಗೆ ಒಂಬತ್ತು ವರ್ಷದ ಲೈನ್ ಪೂರ್ತಿ ತಲೆಯಲ್ಲೇ ಇತ್ತು. ಕಳೆದ ಆಟಿ ತಿಂಗಳ ಮಳೆಯಲ್ಲಿ ಮನೆಯ ಮೆಟ್ಟಿಲಿನ ಪಾಚಿಯಲ್ಲಿ ಜಾರಿ ಬಿದ್ದು ಕಾಲಿನ ಗಂಟಿನ ಹತ್ತಿರ ಮೂಳೆ ಮುರಿಯಿತು. ಪ್ಲಾಸ್ಟರ್ ಹಾಕಿದರು. ಉಪ್ಪಳದಿಂದ ಒಬ್ಬ ಬದಲಿ ಡ್ರೈವರ್ ಸಿಕ್ಕಿದ. ನಾನು ದೊಡ್ಡ ಧೈರ್ಯದಲ್ಲಿ ನನ್ನ ಪುಸ್ತಕ ಕೊಟ್ಟು ಕಳಿಸಿದೆ. ಪುಸ್ತಕದಲ್ಲಿ ಹೀಗೆಲ್ಲ ಬರೆದಿತ್ತು: "ಪೆರ್ಲ, ಶಾಲೆ ಕಳೆದು ಎಡಕ್ಕೆ, ನೀಲಿ ಗೇಟು, ನಾಯಿ ಉಂಟು." "ಮೊದಲಿನ ಜಾಗ, 2." ಮೊದಲಿನ ಜಾಗ ಅಂದರೆ ಎಲ್ಲಿ? ಬರೆದ ನನಗೂ ನೆನಪಿಲ್ಲ. ಆ ದಿನ ಗಾಡಿ ವಾಪಸ್ ಬಂದದ್ದು ರಾತ್ರಿ ಒಂಬತ್ತಕ್ಕೆ. ಅದರಲ್ಲಿ ತುಂಬಿದ ಕ್ಯಾನ್ 14 ಹಾಗೇ ಇತ್ತು. ಹುಡುಗ ಗಾಡಿಯಿಂದ ಇಳಿದವನು ಮಾತೇ ಆಡದೆ ಮನೆಗೆ ಹೋದ.

ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಾನೆ. ಅವನು ಹೇಳಿದ, "ಚಿಕ್ಕಮ್ಮ, ಇದಕ್ಕೆ ಸಾಫ್ಟ್‌ವೇರ್ ಉಂಟು, ನೀವು ಸುಮ್ನೆ ಪುಸ್ತಕದಲ್ಲಿ ಒದ್ದಾಡುತ್ತೀರಿ." ಆಮೇಲೆ ಅರ್ಧ ಗಂಟೆ ಪಾಠ. ಹತ್ತು ಮನೆಗೆ ಹೋಗುವುದಿದ್ದರೆ ಯಾವುದು ಮೊದಲು ಯಾವುದು ನಂತರ ಅಂತ 36,28,800 ರೀತಿಯಲ್ಲಿ ಜೋಡಿಸಬಹುದಂತೆ. ಹದಿನೈದು ಮನೆ ಆದರೆ ಅದು 1.3 ಲಕ್ಷ ಕೋಟಿ ದಾಟುತ್ತದೆ. ನನಗೆ ನಂಬಿಕೆ ಬರಲಿಲ್ಲ. ಅವನು ಮೊಬೈಲಿನಲ್ಲಿ 15, 14, 13 ಅಂತ ಗುಣಿಸುತ್ತಾ ಬಂದು ತೋರಿಸಿದ. ಹೌದು.

1959ರಲ್ಲಿ ಡ್ಯಾಂಟ್ಜಿಗ್, ರಾಮ್ಸರ್ ಅಂತ ಇಬ್ಬರು ಪೆಟ್ರೋಲ್ ಟ್ಯಾಂಕರ್‌ಗಳನ್ನು ಬಂಕುಗಳಿಗೆ ಕಳಿಸುವ ಲೆಕ್ಕ ಬರೆದರಂತೆ, ಈ ವಿದ್ಯೆ ಶುರುವಾದದ್ದೇ ಅಲ್ಲಿಂದ. 1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಒಂದು ಸುಲಭ ದಾರಿ ಹೇಳಿದರು. ಒಂದು ಗಿರಾಕಿಗೆ ಕೊಟ್ಟು ಶೆಡ್‌ಗೆ ಬಂದು, ಮತ್ತೆ ಇನ್ನೊಬ್ಬನಲ್ಲಿಗೆ ಹೋಗುವ ಬದಲು, ಇವನಲ್ಲಿಂದ ನೇರ ಅವನಲ್ಲಿಗೆ ಹೋದರೆ ಎಷ್ಟು ಕಿಲೋಮೀಟರ್ ಉಳಿಯುತ್ತದೆ ನೋಡು. ಅತಿ ಹೆಚ್ಚು ಉಳಿಯುವ ಜೋಡಿಯನ್ನು ಮೊದಲು ಕಟ್ಟು. ಹಾಗೇ ಕಟ್ಟುತ್ತಾ ಹೋಗು, ಗಾಡಿ ತುಂಬುವವರೆಗೆ. ಇದನ್ನು ಕೇಳಿ ನಾನು, ಇದು ನಮ್ಮ ಡ್ರೈವರ್ ಅಣ್ಣ ದಿನಾ ಬೆಳಗ್ಗೆ ಬೀಡಿ ಎಳೆಯುತ್ತಾ ಮಾಡುವುದೇ ಅಲ್ವಾ ಅಂದೆ.

ನನ್ನ ಕಿವಿ ನೆಟ್ಟಗಾದದ್ದು ಮುಂದಿನ ಮಾತಿಗೆ. 1974ರಲ್ಲಿ ಬೆಲ್ಟ್ರಾಮಿ, ಬೋಡಿನ್ ಅಂತ ಇನ್ನಿಬ್ಬರು ನ್ಯೂಯಾರ್ಕ್ ನಗರದ ಕಸ ಸಂಗ್ರಹದ ಲೆಕ್ಕ ಹಿಡಿದರು. ಅಲ್ಲಿ ಕೆಲವು ಜಾಗಕ್ಕೆ ವಾರಕ್ಕೆ ಆರು ದಿನ ಹೋಗಬೇಕು, ಕೆಲವಕ್ಕೆ ಮೂರೇ ದಿನ. ಆ ಮೂರು ದಿನ ಸೋಮ, ಬುಧ, ಶುಕ್ರವೋ, ಮಂಗಳ, ಗುರು, ಶನಿಯೋ? ಅಂದರೆ ದಾರಿ ಹುಡುಕುವ ಮೊದಲು ವಾರ ಹಂಚಬೇಕು. ನನ್ನ ತಲೆನೋವು ನ್ಯೂಯಾರ್ಕಿನ ಕಸದವರಿಗೂ ಇತ್ತು ಅಂತ ಗೊತ್ತಾಗಿ ಏನೋ ಒಂದು ಸಮಾಧಾನ.

ಅದಕ್ಕೇ ಆ್ಯಪ್ ಹುಡುಕುವಾಗ ಒಂದೇ ಪ್ರಶ್ನೆ ಕೇಳಿದೆ. "ಇವತ್ತಿನ ರೂಟ್ ಎಲ್ಲರೂ ಮಾಡುತ್ತಾರೆ, ನಿಮ್ಮದು ವಾರದ ರೂಟ್ ಮಾಡುತ್ತದಾ?" ಹೆಚ್ಚಿನವು ಮಾಡುವುದಿಲ್ಲ. ಪಾರ್ಸೆಲ್ ಹಂಚುವವರಿಗೆ ದಿನಾ ಹೊಸ ವಿಳಾಸ, ಅವರಿಗೆ ಇವತ್ತಿನದು ಸಾಕು. ನನ್ನ ಹಾಗೆ ಸುತ್ತಿ ಸುತ್ತಿ ಅದೇ ಮನೆಗೆ ಹೋಗುವವರಿಗೆ ಸಾಕಾಗುವುದಿಲ್ಲ. ಇದು ಮಾಡುತ್ತದೆ ಅಂದರು. ಒಂದು ಗಾಡಿಗೆ ತಿಂಗಳಿಗೆ 1,450 ರೂಪಾಯಿ. ಮೊದಲ 14 ದಿನ ಫ್ರೀ.

ಫ್ರೀ ದಿನಗಳೆಲ್ಲ ವಿಳಾಸ ತುಂಬುವುದರಲ್ಲೇ ಮುಗಿಯಿತು. ನಮ್ಮ ಊರಿನಲ್ಲಿ ಬೀದಿಗೆ ಹೆಸರಿಲ್ಲ. ಮನೆ ಹೆಸರು, ಅಂಚೆ ಕಚೇರಿ, ಅಷ್ಟೇ. ಎಕ್ಸೆಲ್‌ನಲ್ಲಿ ಊರಿನ ಹೆಸರು ಹಾಕಿ ಏರಿಸಿದರೆ ಆ್ಯಪ್ ತಾನೇ ನಕ್ಷೆಯಲ್ಲಿ ಚುಕ್ಕಿ ಇಡುತ್ತದೆ. ಇಟ್ಟಿತು. ಮುಳ್ಳೇರಿಯ ಲೈನ್‌ನಲ್ಲಿ ಮುಂದೆ ಹೋದರೆ ಪಯಸ್ವಿನಿ ಹೊಳೆಯ ಹತ್ತಿರ ಅಡೂರು ಅಂತ ಊರು, ಅಲ್ಲಿ ನನಗೆ ಮೂರು ಗಿರಾಕಿ. ಬೆಳಗ್ಗೆ ಏಳಕ್ಕೆ ರೂಟ್ ತೆರೆದರೆ ಶುಕ್ರವಾರದ ಒಟ್ಟು ದೂರ ಸಾವಿರ ಕಿಲೋಮೀಟರಿನ ಹತ್ತಿರ. ಏಸ್ ಗಾಡಿಗೆ! ಆ್ಯಪ್ ಚುಕ್ಕಿ ಇಟ್ಟದ್ದು ಪತ್ತನಂತಿಟ್ಟ ಜಿಲ್ಲೆಯ ಅಡೂರಿಗೆ. ಕೇರಳದ ಆ ತುದಿ, 450 ಕಿಲೋಮೀಟರಿಗೂ ದೂರ. ಬದಲಿ ಡ್ರೈವರ್ ಫೋನ್ ನೋಡಿ, "ಅಕ್ಕ, ರಾತ್ರಿ ಊಟ ಕಟ್ಟಿ ಕೊಡಿ" ಅಂದ. ನಕ್ಕದ್ದು ಆಮೇಲೆ. ಆ ಹೊತ್ತಿಗೆ ಅಳು ಬಂದಿತ್ತು. ಒಂದು ದಿನಕ್ಕೆ ಸಾವಿರ ಕಿಲೋಮೀಟರ್ ಅಂತ ಬಂದರೆ "ಇದು ಸರಿಯಾ ನೋಡಿ" ಅಂತ ಕೇಳುವ ಬುದ್ಧಿಯಾದರೂ ಬೇಡವಾ? ಅರ್ಧ ಅಂಕ ಕಡಿದದ್ದು ಇದಕ್ಕೆ.

ಸರಿಯಾದ ಉಪಾಯ ಒಂದೇ. ಗಾಡಿ ಗಿರಾಕಿಯ ಗೇಟಿನ ಎದುರು ನಿಂತಾಗ ಅಲ್ಲಿಯೇ ಮೊಬೈಲಿನಲ್ಲಿ ಚುಕ್ಕಿ ಒತ್ತುವುದು. ಮನೆಯ ಮೇಲಲ್ಲ, ಗಾಡಿ ನಿಲ್ಲುವ ಜಾಗದ ಮೇಲೆ. ಈ ವ್ಯತ್ಯಾಸ ದೊಡ್ಡದು. ಕೆಲವು ಮನೆ ಕಣ್ಣಿಗೆ ಕಾಣುವುದು ಈ ರಸ್ತೆಯಿಂದ, ಆದರೆ ಹೋಗಬೇಕಾದ್ದು ಗುಡ್ಡದ ಆಚೆಯ ರಸ್ತೆಯಿಂದ.

ಬದಲಿ ಡ್ರೈವರ್ ಜೊತೆ ನಾನೇ ಆರು ದಿನ ಗಾಡಿಯಲ್ಲಿ ಕೂತೆ. ಆ ಆರು ದಿನದಲ್ಲಿ ಕಲಿತದ್ದು ಒಂಬತ್ತು ವರ್ಷ ಆಫೀಸಿನಲ್ಲಿ ಕೂತು ಕಲಿತಿರಲಿಲ್ಲ. ಆ್ಯಪ್ ಪ್ರತಿ ಗಿರಾಕಿಗೂ 3 ನಿಮಿಷ ಅಂತ ತಾನೇ ಹಾಕಿಕೊಂಡಿರುತ್ತದೆ. ನಾನು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂತೆ. ಗಾಡಿ ನಿಂತ ಕೂಡಲೇ ಒತ್ತುವುದು, ಹೊರಟ ಕೂಡಲೇ ಒತ್ತುವುದು.

ಮುಳ್ಳೇರಿಯದಲ್ಲಿ ಒಂದು ಲ್ಯಾಬ್. ಎರಡನೇ ಮಹಡಿ, ಲಿಫ್ಟ್ ಇಲ್ಲ. ಮೂರು ಕ್ಯಾನ್. ಹುಡುಗ ಬಲಗೈಯಲ್ಲಿ ಕ್ಯಾನಿನ ಕುತ್ತಿಗೆ, ಎಡಗೈಯಲ್ಲಿ ಅಡಿ ಹಿಡಿದು ಒಂದೇ ಸಲಕ್ಕೆ ಹೆಗಲಿಗೆ ಏರಿಸುತ್ತಾನೆ. 20 ಕಿಲೋ. ಮೂರು ಸಲ ಹತ್ತುವುದು, ಮೂರು ಸಲ ಇಳಿಯುವುದು. ಮೇಲೆ ಹೋದರೆ ಒಂದನ್ನು ಡಿಸ್ಪೆನ್ಸರ್ ಮೇಲೆ ಕೂರಿಸಿಯೇ ಕೊಡಬೇಕು. ಸೀಲ್ ಕಿತ್ತು, ಬಾಯಿ ಒರೆಸಿ, ಒಂದು ಹನಿ ಚೆಲ್ಲದ ಹಾಗೆ ಬೋರಲು ಹಾಕಬೇಕು. ನೆಲಕ್ಕೆ ನೀರು ಬಿದ್ದರೆ ಅಲ್ಲಿನ ಮೇಡಂ ಮುಖ ನೋಡಬೇಕು ನೀವು. ಆಮೇಲೆ ಕಾರ್ಡಿನಲ್ಲಿ ತಾರೀಕು, ಸಹಿ. ಬರುವಾಗ ಖಾಲಿ ಕ್ಯಾನಿನ ಕುತ್ತಿಗೆಗಳನ್ನು ಬೆರಳಿಗೆ ಸಿಕ್ಕಿಸಿಕೊಂಡು, ಡಬ ಡಬ ಬಡಿಯುತ್ತಾ ಇಳಿಯುತ್ತಾನೆ. 13 ನಿಮಿಷ 40 ಸೆಕೆಂಡ್. ಆ್ಯಪ್‌ನ ಲೆಕ್ಕದಲ್ಲಿ 3.

ನೀರ್ಚಾಲಿನಲ್ಲಿ ಒಂದು ಮನೆಗೆ ಬರೀ ಒಂದು ಕ್ಯಾನ್. ಗೇಟಿನ ಒಳಗೆ ಇಟ್ಟು ಬಂದರಾಯಿತು, ಒಂದೂವರೆ ನಿಮಿಷ. ಆದರೆ ಆ ಮನೆಯ ಅಜ್ಜಿ ಬಿಡುವುದಿಲ್ಲ. ಪುನರ್ಪುಳಿ ಶರಬತ್ತು ಕುಡಿದೇ ಹೋಗಬೇಕು. 9 ನಿಮಿಷ. ಇದನ್ನೂ ಆ್ಯಪ್‌ನಲ್ಲಿ 9 ಅಂತಲೇ ಹಾಕಿದೆ.

ಎಲ್ಲ ಸೇರಿಸಿ ಸರಾಸರಿ ತೆಗೆದರೆ 7 ನಿಮಿಷ ಬಂತು. ದಿನಕ್ಕೆ 28 ಕಡೆ ನಿಲ್ಲುವುದು. ಒಂದೊಂದಕ್ಕೆ 4 ನಿಮಿಷ ತಪ್ಪಿದರೆ ಹತ್ತಿರ ಹತ್ತಿರ ಎರಡು ಗಂಟೆ. ಮೊದಲ ವಾರ ಆ್ಯಪ್ "ಎರಡು ಗಂಟೆಗೆ ಮುಗಿಯುತ್ತದೆ" ಅಂದದ್ದು ನಾಲ್ಕಕ್ಕೆ ಯಾಕೆ ಮುಗಿಯುತ್ತಿತ್ತು ಅಂತ ಆಗ ತಿಳಿಯಿತು. ಅಲ್ಲಿಯವರೆಗೆ ಸುಮ್ನೆ ಡ್ರೈವರಿಗೆ ಬೈಯುತ್ತಿದ್ದೆ. ಯಾವ ಆ್ಯಪ್ ತೆಗೆದುಕೊಂಡರೂ ಈ ಕೆಲಸ ನೀವೇ ಮಾಡಬೇಕು. ಕಂಪನಿಯವರು ಮಾಡಿಕೊಡುವುದಿಲ್ಲ, ಮಾಡಬೇಕು ಅಂತ ಹೇಳುವುದೂ ಇಲ್ಲ.

ಇನ್ನೊಂದು, ಜಾಗದ ವಿಷಯ. ನನ್ನ ಗಾಡಿಗೆ 35 ಕ್ಯಾನ್. ಅಷ್ಟು ಹಾಕಿದರೆ 700 ಕಿಲೋ ದಾಟುತ್ತದೆ, ಅದರ ಮೇಲೆ ಹಾಕುವುದಿಲ್ಲ. ಆ್ಯಪ್‌ನಲ್ಲಿ ಭಾರ ಹಾಕಲು ಜಾಗವಿದೆ, ಹಾಕಿದೆ. ಅದು ಏನು ತಿಳಿದುಕೊಂಡಿತು ಅಂದರೆ, ಕ್ಯಾನ್ ಕೊಡುತ್ತಾ ಹೋದ ಹಾಗೆ ಗಾಡಿ ಹಗುರ, ಹಗುರ ಆದರೆ ಖಾಲಿ. ಖಾಲಿ ಅಲ್ಲ ಮಾರಾಯ್ರೆ! ಒಂದು ತುಂಬಿದ ಕ್ಯಾನ್ ಇಳಿದ ಜಾಗದಲ್ಲಿ ಒಂದು ಖಾಲಿ ಕ್ಯಾನ್ ಬಂದು ಕೂರುತ್ತದೆ. ಭಾರ ಹೋಯಿತು, ಜಾಗ ಹೋಗಲಿಲ್ಲ. ಒಂದು ಮಂಗಳವಾರ ಮದುವೆ ಹಾಲ್‌ನಿಂದ 30 ಖಾಲಿ ಕ್ಯಾನ್ ತರುವುದನ್ನು ಆ್ಯಪ್ ಲೈನ್‌ನ ನಡುವೆ ಸೇರಿಸಿಬಿಟ್ಟಿತು. ಗಾಡಿಯ ಮೇಲೆ ಹಗ್ಗ ಕಟ್ಟಿ ಒಂದು ಸಾಲು ಪೇರಿಸಿದರು, ಉಳಿದದ್ದು ಹಾಲ್‌ನಲ್ಲೇ. ಸಪೋರ್ಟ್‌ನ ಹುಡುಗಿಗೆ ಫೋನ್ ಮಾಡಿದೆ. ಕೊಡುವುದು, ತರುವುದು ಎರಡನ್ನೂ ಬೇರೆ ಬೇರೆ ಬರೆದು, ಭಾರದ ಬದಲು ಕ್ಯಾನಿನ ಲೆಕ್ಕದಲ್ಲೇ ಜಾಗ ಹಾಕಬಹುದು ಅಂತ ತೋರಿಸಿಕೊಟ್ಟಳು. ಆಮೇಲೆ ಸರಿಯಾಯಿತು. ಮದುವೆ ಹಾಲ್ ಈಗ ಕೊನೆಗೆ ಬರುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ, ದಿನದ ವಿಷಯ.

ಮೊದಲು ನಾವು ಪೆರ್ಲಕ್ಕೆ ವಾರಕ್ಕೆ ನಾಲ್ಕು ಸಲ ಹೋಗುತ್ತಿದ್ದೆವು. ಯಾಕೆ ಅಂತ ಕೇಳಿದರೆ ಕಾರಣವಿಲ್ಲ. ಮೊದಲ ಗಿರಾಕಿ ಸೋಮ, ಗುರು ಅಂದ, ಹಾಗೇ ಆಯಿತು. ಎರಡು ವರ್ಷ ಕಳೆದು ಇನ್ನೊಬ್ಬ ಬಂದ, ಅವತ್ತು ಬುಧವಾರ, ಅವನದು ಬುಧ, ಶನಿ ಆಯಿತು. ಹೀಗೆ ಬೆಳೆದದ್ದು. ಆ್ಯಪ್ ಎಲ್ಲರನ್ನೂ ಒಟ್ಟು ಮಾಡಿ ಪೆರ್ಲ, ಅಡ್ಕಸ್ಥಳ ಪೂರ್ತಿ ಮಂಗಳ, ಶುಕ್ರಕ್ಕೆ ಹಾಕಿತು. ವಾರಕ್ಕೆ ಎರಡು ಟ್ರಿಪ್ ಹೋಯಿತು. ಒಟ್ಟು ವಾರಕ್ಕೆ 412 ಕಿಲೋಮೀಟರ್ ಓಡುತ್ತಿದ್ದ ಗಾಡಿ 338ಕ್ಕೆ ಇಳಿಯಿತು. 74 ಉಳಿತಾಯ. ಅದರಲ್ಲಿ 50ಕ್ಕಿಂತ ಜಾಸ್ತಿ ಈ ಪೆರ್ಲದ ಎರಡು ಟ್ರಿಪ್‌ನದ್ದೇ. ಯಾವ ಮನೆ ಮೊದಲು, ಯಾವುದು ನಂತರ ಅಂತ ಜೋಡಿಸಿ ಉಳಿಸಿದ್ದು ಇಪ್ಪತ್ತು ಚಿಲ್ಲರೆ ಮಾತ್ರ. ಅಲ್ಲಿ ನಮ್ಮ ಡ್ರೈವರ್ ಅಣ್ಣನನ್ನು ಆ್ಯಪ್ ದೊಡ್ಡದಾಗಿ ಸೋಲಿಸಲಿಲ್ಲ. ದಿನ ಹಂಚುವುದರಲ್ಲಿ ಸೋಲಿಸಿತು. ಅವನಿಗೆ ಇವತ್ತಿನ ದಾರಿ ಕಾಣುತ್ತಿತ್ತು. ಇಡೀ ವಾರವನ್ನು ಒಟ್ಟಿಗೆ ನೋಡುವ ಕೆಲಸ ನನ್ನದಾಗಿತ್ತು. ನಾನು ನೋಡಿರಲಿಲ್ಲ.

ಇಲ್ಲಿಯವರೆಗೆ 5ಕ್ಕೆ 5. ಆದರೆ ಆ್ಯಪ್‌ಗೆ ಒಂದು ಚಟ. ಪ್ರತಿ ಭಾನುವಾರ ರಾತ್ರಿ ಅದು ಮುಂದಿನ ವಾರವನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. ಒಬ್ಬ ಗಿರಾಕಿ ಬೇಡ ಅಂದರೆ, ಒಬ್ಬ ಹೊಸಬ ಸೇರಿದರೆ, ಇಡೀ ವಾರವನ್ನು ಕಲಕಿ ಮತ್ತೆ ಜೋಡಿಸುತ್ತದೆ. ಮೂರು ಕಿಲೋಮೀಟರ್ ಉಳಿಯುತ್ತದೆ ಅಂತ ಎಂಟು ಮನೆಯ ದಿನ ಬದಲಿಸುತ್ತದೆ.

ಶರಬತ್ತಿನ ಅಜ್ಜಿಯದು ಗುರುವಾರ. ಒಂದು ವಾರ ಆ್ಯಪ್ ಬುಧವಾರಕ್ಕೆ ಹಾಕಿತು. ಅಜ್ಜಿ ಬುಧವಾರ ಮಗಳ ಮನೆಗೆ ಹೋಗಿದ್ದರು. ಗೇಟಿಗೆ ಬೀಗ, ಖಾಲಿ ಕ್ಯಾನ್ ಒಳಗೆ. ಮುಂದಿನ ಮನೆಯವರು ಕ್ಯಾನ್ ಹೊರಗಿಡುವುದು ಗುರುವಾರ ಬೆಳಗ್ಗೆ. ಆ ದಿನ ಒಂದೇ ಲೈನ್‌ನಲ್ಲಿ ಐದು ಮನೆ ತಪ್ಪಿತು. ಗುರುವಾರ ಆ ಐದಕ್ಕೇ ಮತ್ತೆ ಹೋದೆವು. ಉಳಿಸಿದ್ದು ಮೂರು, ಓಡಿದ್ದು ಹದಿನಾಲ್ಕು. ಅಜ್ಜಿ ಫೋನ್ ಮಾಡಿ, "ಮಗಾ, ನಿಮಗೆ ವಾರ ಮರೆತುಹೋಯಿತಾ?" ಅಂತ ಕೇಳಿದರು. ಏನು ಉತ್ತರ ಕೊಡುವುದು?

ನಮ್ಮ ಕಡೆ ಹರಿತ ಕರ್ಮಸೇನೆಯ ಅಕ್ಕಂದಿರು ಮನೆ ಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ ಅಲ್ವಾ? ಗೋಡೆಗೆ ಅಂಟಿಸಿದ ಕ್ಯೂಆರ್ ಸ್ಕ್ಯಾನ್ ಮಾಡುತ್ತಾರೆ, ಮೊಬೈಲಿನಲ್ಲಿ ಲೆಕ್ಕ ಇಡುತ್ತಾರೆ. ಆದರೆ ನಮ್ಮ ವಾರ್ಡಿಗೆ ಅವರು ಬರುವ ಹೊತ್ತು ಎಲ್ಲರಿಗೂ ಬಾಯಿಪಾಠ. ಹಿಂದಿನ ದಿನವೇ ಹಾಲಿನ ಕವರ್ ತೊಳೆದು, ಒಣಗಿಸಿ, ಗೋಣಿಯಲ್ಲಿ ಕಟ್ಟಿಟ್ಟಿರುತ್ತೇವೆ. ಅವರ ಅರ್ಧ ಕೆಲಸ ನಾವೇ ಮಾಡಿರುತ್ತೇವೆ. ನನ್ನ ಗಿರಾಕಿಗಳೂ ಹಾಗೇ ಮಾಡುತ್ತಿದ್ದರು, ನಾನು ಕೆಡಿಸಿದೆ.

ಹುಡುಕಿದಾಗ ಸೆಟ್ಟಿಂಗ್ಸ್‌ನ ಮೂರನೇ ಪುಟದಲ್ಲಿ ಒಂದು ಬೀಗದ ಚಿತ್ರ ಸಿಕ್ಕಿತು. ಅದನ್ನು ಒತ್ತಿದರೆ ಆ ಗಿರಾಕಿಯ ದಿನ ಬದಲಾಗುವುದಿಲ್ಲ. ಇಂಥ ಮುಖ್ಯವಾದದ್ದನ್ನು ಅಷ್ಟು ಒಳಗೆ ಯಾಕೆ ಬಚ್ಚಿಟ್ಟಿದ್ದಾರೋ. ಒಬ್ಬೊಬ್ಬರನ್ನೇ ತೆರೆದು 110 ಸಲ ಒತ್ತಿದೆ, ಒಟ್ಟಿಗೆ ಒತ್ತುವ ವ್ಯವಸ್ಥೆ ಇಲ್ಲ. ಈಗ ಹೊಸ ಗಿರಾಕಿ ಬಂದರೆ ಆ್ಯಪ್ ಅವರಿಗೆ ಮಾತ್ರ ಜಾಗ ಹುಡುಕುತ್ತದೆ. "ಮಂಗಳ, ಶುಕ್ರ ಆದರೆ 400 ಮೀಟರ್ ಜಾಸ್ತಿ, ಸೋಮ, ಗುರು ಆದರೆ 11 ಕಿಲೋಮೀಟರ್ ಜಾಸ್ತಿ" ಅಂತ ತೋರಿಸುತ್ತದೆ. ಇದು ನನಗೆ ಅತಿ ಇಷ್ಟವಾದ ಸೌಲಭ್ಯ. ಫೋನಿನಲ್ಲಿ ಗಿರಾಕಿ ಕಾಯುತ್ತಿರುವಾಗಲೇ ನೋಡಿ, "ನಿಮ್ಮ ಕಡೆಗೆ ನಮ್ಮ ಗಾಡಿ ಮಂಗಳವಾರ, ಶುಕ್ರವಾರ ಬರುವುದು" ಅನ್ನುತ್ತೇನೆ. ಹೊಸಬರು ತಕರಾರು ಮಾಡುವುದಿಲ್ಲ. ಹೀಗೆ 9 ಗಿರಾಕಿ ಸೇರಿದರು, ಗಾಡಿಯ ಓಟ ಹೆಚ್ಚು ಕಡಿಮೆ ಅಷ್ಟೇ ಇದೆ.

ಉಳಿದ ದೂರುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕನ್ನಡ ಇಲ್ಲ. ಮಲಯಾಳಂ ಇದೆ, ಹಿಂದಿ ಇದೆ. ನಮ್ಮ ಡ್ರೈವರ್ ಅಣ್ಣ ಓದುವುದು ಕನ್ನಡ. ಗಿರಾಕಿಯ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದರೆ ತೋರಿಸುತ್ತದೆ, ಸದ್ಯ ಅಷ್ಟಾದರೂ ಇದೆ. ಗಿರಾಕಿಗೆ ತಾನೇ ಮೆಸೇಜ್ ಕಳಿಸುವ ಸೌಲಭ್ಯ ಇತ್ತು, "ನಿಮ್ಮ ಡೆಲಿವರಿ ಪಾರ್ಟ್ನರ್ ಬರುತ್ತಿದ್ದಾರೆ" ಅಂತ ಇಂಗ್ಲಿಷಿನಲ್ಲಿ. ಬೇಳದ ಒಬ್ಬರು ಫೋನ್ ಮಾಡಿ, ನೀವು ಯಾವಾಗ ಪಾರ್ಟ್ನರ್ ಸೇರಿಸಿಕೊಂಡಿರಿ ಅಂತ ಕೇಳಿದರು. ಅವತ್ತೇ ಬಂದ್ ಮಾಡಿದೆ.

ನಕ್ಷೆ ಹಳೆಯದು. ಕುಂಬಳೆಯಲ್ಲಿ ನನಗೆ ಎರಡು ಹೋಟೆಲ್. ರಾಷ್ಟ್ರೀಯ ಹೆದ್ದಾರಿ 66 ಆರು ಲೇನ್ ಆದ ಮೇಲೆ ಮೊದಲಿನ ಹಾಗೆ ಎದುರು ಬದಿಗೆ ದಾಟಲು ಆಗುವುದಿಲ್ಲ. ಸರ್ವಿಸ್ ರೋಡ್ ಹಿಡಿದು, ಅಂಡರ್‌ಪಾಸ್‌ವರೆಗೆ ಹೋಗಿ ಸುತ್ತಿ ಬರಬೇಕು. ಆ್ಯಪ್ ಮಾತ್ರ "ಇಲ್ಲಿ ಬಲಕ್ಕೆ ತಿರುಗಿ" ಅನ್ನುತ್ತದೆ. ಬಲಕ್ಕೆ ಗೋಡೆ. ಮಳೆಗಾಲದಲ್ಲಿ ಮಧುವಾಹಿನಿ ಉಕ್ಕಿ ಮಧೂರು ದೇವಸ್ಥಾನದ ಅಂಗಳಕ್ಕೇ ನೀರು ಬರುತ್ತದೆ, ಊರಿಗೆಲ್ಲ ಗೊತ್ತು. ಆ್ಯಪ್‌ಗೆ ಗೊತ್ತಿಲ್ಲ. ಆ ರಸ್ತೆ ಇವತ್ತು ಬೇಡ ಅಂತ ನಾವೇ ಗೆರೆ ಎಳೆದು ಹೇಳಬಹುದು. ಆದರೆ ಮಳೆ ಬಿಟ್ಟ ಮೇಲೆ ಅಳಿಸಲು ನೆನಪಿರಬೇಕು. ನಾನು ಮರೆತು ಹದಿನೈದು ದಿನ ಗಾಡಿ ಸುತ್ತಿತು, ಅದು ನನ್ನ ತಪ್ಪು.

ಸಮಯದ ಮಿತಿ ಹಾಕುವುದು ಚೆನ್ನಾಗಿದೆ. ಶುಕ್ರವಾರ ಮಧ್ಯಾಹ್ನ ಜುಮಾ ನಮಾಜಿನ ಹೊತ್ತಿಗೆ ಹಲವು ಅಂಗಡಿ ಮುಚ್ಚಿರುತ್ತದೆ. ಪೆರ್ಲ ಲೈನ್ ಶುಕ್ರವಾರ ಬಂದ ಮೇಲೆ ಇದು ಜಾಸ್ತಿ ಬೇಕಾಯಿತು. ಹನ್ನೆರಡೂವರೆಯಿಂದ ಎರಡರವರೆಗೆ ಆ ಅಂಗಡಿಗಳಿಗೆ ಬೇಡ ಅಂತ ಹಾಕಿದೆ, ಅದು ಮನೆಗಳನ್ನು ಆ ಹೊತ್ತಿಗೆ ತಂದು ಜೋಡಿಸಿತು. ರಂಜಾನ್ ತಿಂಗಳಲ್ಲಿ ಕೆಲವು ಹೋಟೆಲು ಹಗಲು ತೆರೆಯುವುದಿಲ್ಲ, ಸಂಜೆ ಕೊಡಬೇಕು. ಅದಕ್ಕೆ ಬೇರೆಯೇ ಒಂದು ವಾರ ಮಾಡಿ ಇಟ್ಟುಕೊಂಡಿದ್ದೇನೆ. ಬೇಸಿಗೆಗೆ ಇನ್ನೊಂದು. ಏಪ್ರಿಲ್, ಮೇಯಲ್ಲಿ ಬಾವಿ ತಳ ಕಂಡ ಕೂಡಲೇ ವಾರಕ್ಕೊಮ್ಮೆಯ ಮನೆ ಎರಡು ಸಲಕ್ಕೆ ಬರುತ್ತದೆ. ಹರತಾಳಕ್ಕೆ ಯಾವ ಆ್ಯಪ್ ಏನು ಮಾಡೀತು, ಮರುದಿನ ಎರಡು ದಿನದ್ದನ್ನು ಒಟ್ಟಿಗೆ ಎಳೆಯುವುದೇ.

ದುಡ್ಡಿನ ಲೆಕ್ಕ. ವಾರಕ್ಕೆ 74 ಅಂದರೆ ತಿಂಗಳಿಗೆ 320 ಕಿಲೋಮೀಟರ್. ಲೋಡ್ ಇದ್ದಾಗ ನನ್ನ ಗಾಡಿ ಲೀಟರಿಗೆ 16 ಕೊಡುತ್ತದೆ. 20 ಲೀಟರ್ ಡೀಸೆಲ್, ಸುಮಾರು 2,000 ರೂಪಾಯಿ. ಆ್ಯಪ್‌ಗೆ 1,450. ಉಳಿದದ್ದು 550. "ಇಷ್ಟಕ್ಕೆ ಇಷ್ಟೆಲ್ಲ ಬೇಕಿತ್ತಾ?" ಅಂತ ನಮ್ಮವರು ಕೇಳಿದರು. ಬರೀ ಡೀಸೆಲ್ ನೋಡಿದರೆ ಬೇಡ ಅಂತಲೇ ಹೇಳಬೇಕು. ಆದರೆ ಶನಿವಾರ ಮಧ್ಯಾಹ್ನ ಗಾಡಿ ಬಿಡುವಾಯಿತು. ಆ 9 ಹೊಸ ಗಿರಾಕಿ ಬಂದರು. ಎಲ್ಲಿ ಎಷ್ಟು ಖಾಲಿ ಕ್ಯಾನ್ ಬಾಕಿ ಅಂತ ಮೊಬೈಲಿನಲ್ಲೇ ಕಾಣುತ್ತದೆ. ಮೊದಲ ತಿಂಗಳಲ್ಲೇ ಮರೆತುಹೋಗಿದ್ದ 23 ಕ್ಯಾನ್ ಸಿಕ್ಕಿತು, ಒಂದು ಮನೆಯಲ್ಲಿ ಅದರಲ್ಲಿ ಮಲ್ಲಿಗೆ ನೆಟ್ಟಿದ್ದರು. ಅದನ್ನು ಬಿಟ್ಟುಬಂದೆವು.

ನಾಲ್ಕು ತಿಂಗಳು ಬಿಡದೆ ದುಡ್ಡು ಕಟ್ಟಿದೆ. ಆಮೇಲೆ ಬುದ್ಧಿ ಬಂತು. ದಿನಗಳಿಗೆ ಬೀಗ ಹಾಕಿದ ಮೇಲೆ ಪ್ರತಿ ವಾರ ಲೆಕ್ಕ ಹಾಕಿಸುವುದು ಏನಿದೆ? ವಾರದ ಪಟ್ಟಿ ಪ್ರಿಂಟ್ ತೆಗೆದು ಡ್ರೈವರ್ ಕೈಗೆ ಕೊಟ್ಟರೆ ಆಯಿತು. ಈಗ ಬೇಸಿಗೆಗೆ ಮೊದಲು ಒಂದು ತಿಂಗಳು, ಮಳೆಗೆ ಮೊದಲು ಒಂದು ತಿಂಗಳು, ನಡುವೆ ಹತ್ತಿಪ್ಪತ್ತು ಗಿರಾಕಿ ಬದಲಾದರೆ ಒಮ್ಮೆ, ಅಷ್ಟಕ್ಕೆ ಮಾತ್ರ ಕಟ್ಟುತ್ತೇನೆ. ಉಳಿದ ತಿಂಗಳು ಖಾತೆ ನಿಲ್ಲಿಸಿ ಇಡಬಹುದು, ನಮ್ಮ ಮಾಹಿತಿ ಅಳಿದುಹೋಗುವುದಿಲ್ಲ. ಇದನ್ನು ಕಂಪನಿಯವರು ದೊಡ್ಡ ಅಕ್ಷರದಲ್ಲಿ ಎಲ್ಲೂ ಬರೆದಿಲ್ಲ. ಆ ಹುಡುಗಿಯೇ ಮೆಲ್ಲ ಹೇಳಿದ್ದು. ತೆಗೆದುಕೊಳ್ಳುವ ಮೊದಲು ನೀವೂ ಇದನ್ನು ಕೇಳಿ. ವರ್ಷದ ಪ್ಲಾನ್ ತೆಗೆದುಕೊಳ್ಳಬೇಡಿ, ಎಷ್ಟೇ ಡಿಸ್ಕೌಂಟ್ ಕೊಟ್ಟರೂ.

ಡ್ರೈವರ್ ಅಣ್ಣ ಮೂರು ತಿಂಗಳ ನಂತರ ವಾಪಸ್ ಬಂದ. ನಾನು ಸ್ವಲ್ಪ ಹೆದರಿದ್ದೆ, ಅವನ ಲೈನನ್ನು ಮೊಬೈಲಿಗೆ ಕೊಟ್ಟೆ ಅಂತ ಬೇಸರ ಮಾಡಿಕೊಂಡರೆ? ಪಟ್ಟಿ ಹಿಡಿದು ಬೆರಳಿಟ್ಟು ಓದಿದ. "ಅಕ್ಕ, ಇದು ಹೆಚ್ಚಿನದೂ ನನ್ನದೇ ಲೈನ್ ಅಲ್ವಾ?" ಅಂದ. ಹೌದು ಅಂದೆ. ಬೇಳದಲ್ಲಿ ಒಂದು ಕಡೆ ಮಾತ್ರ ತಲೆ ಅಲ್ಲಾಡಿಸಿದ. ಆ್ಯಪ್ ಒಂದು ಏರು ರಸ್ತೆಯ ಮನೆಯನ್ನು ಮೊದಲು ಹಾಕಿತ್ತು. "ತುಂಬಿದ ಗಾಡಿ ಅಲ್ಲಿ ಹತ್ತುವುದಿಲ್ಲ, ಕ್ಲಚ್ ಸುಡುತ್ತದೆ. ಇದು ಬರುವಾಗ ಆಗಬೇಕು." ಬದಲಿಸಿ ನೋಡಿದೆ, 1.2 ಕಿಲೋಮೀಟರ್ ಜಾಸ್ತಿ ಬಂತು. ಆ್ಯಪ್ ಕೆಂಪು ಬಣ್ಣದಲ್ಲಿ ಎಚ್ಚರಿಕೆ ತೋರಿಸಿತು. ಹಾಗೇ ಉಳಿಸಿ ಬೀಗ ಒತ್ತಿದೆ. ನಕ್ಷೆಯಲ್ಲಿ ಎಲ್ಲ ರಸ್ತೆಯೂ ಚಪ್ಪಟೆ.

ಮೊನ್ನೆ ಗಾಡಿಯಲ್ಲಿ ಏನೋ ಹುಡುಕುವಾಗ ಪಟ್ಟಿ ನೋಡಿದೆ. ಡ್ರೈವರ್ ಸೀಟಿನ ಮೇಲೆ ಸಿಕ್ಕಿಸಿಟ್ಟಿದ್ದಾನೆ. ಪ್ರಿಂಟ್ ಮಾಡಿದ ಸಾಲುಗಳ ಪಕ್ಕದಲ್ಲಿ ಬಾಲ್‌ಪೆನ್ನಿನಲ್ಲಿ ಅವನದೇ ಟಿಪ್ಪಣಿ. "ಬೆಲ್ ಹಾಳು, ಹಾರ್ನ್ ಹಾಕುವುದು." "ಬುಧವಾರ ಚಿಲ್ಲರೆ ಬೇಕು." ಪೆರ್ಲದ ಸಾಲಿನಲ್ಲಿ ನನ್ನ ಹಳೆಯ ಪುಸ್ತಕದ ಮಾತನ್ನು ತಿದ್ದಿ ಬರೆದಿದ್ದಾನೆ: "ಗೇಟು ಈಗ ಹಸಿರು. ನಾಯಿ ಅದೇ."